ಐದು ನಿಮಿಷದ ಆಟ, ಬದಲಾಗುವ ಶಾಟ್: ಎಳೆಯ ಬಾಸ್ಕೆಟ್‌ಬಾಲ್ ಆಟಗಾರರ ಬಗ್ಗೆ ಓದುಗರ ಪ್ರಶ್ನೆಗಳು

ವೃತ್ತಿಪರ ತಂಡಕ್ಕೆ ಹೊಸದಾಗಿ ಸೇರಿದ ಆಟಗಾರರು, ಅವರ ಮನೆಯವರು ಮತ್ತು ಕೋಚ್‌ಗಳು ಬರೆದ ಪತ್ರಗಳಲ್ಲಿ ಏಳನ್ನು ಈ ಸಲ ಆರಿಸಿಕೊಂಡಿದ್ದೇವೆ. ಹೆಸರು ಬೇಡವೆಂದು ಹಲವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಜೂನಿಯರ್ ತಂಡದಲ್ಲಿ ಪ್ರತಿ ಪಂದ್ಯಕ್ಕೂ 20ಕ್ಕಿಂತ ಹೆಚ್ಚು ಪಾಯಿಂಟ್ ಹಾಕುತ್ತಿದ್ದ. ಈ ಸೀಸನ್‌ನಿಂದ ವೃತ್ತಿಪರ ಕ್ಲಬ್ಬಿನಲ್ಲಿದ್ದಾನೆ. ಪಂದ್ಯಕ್ಕೆ ಐದು ನಿಮಿಷ ಸಿಕ್ಕರೆ ಹೆಚ್ಚು. ಕೋಚ್ ಅವನನ್ನು ಬೆಳೆಸುತ್ತಿದ್ದಾರೋ, ಬೆಂಚಿನಲ್ಲಿ ಕೂರಿಸಿ ಹಾಳು ಮಾಡುತ್ತಿದ್ದಾರೋ?

ಐದು ನಿಮಿಷದಲ್ಲಿ ಏನೇನು ನಡೆಯುತ್ತದೆ ಎಂದು ಮೊದಲು ನೋಡಿ. 40 ನಿಮಿಷದ ಪಂದ್ಯದಲ್ಲಿ ಒಂದು ತಂಡಕ್ಕೆ ಚೆಂಡು ಸಿಗುವುದು ಹೆಚ್ಚುಕಡಿಮೆ 70ರಿಂದ 75 ಸಲ. ಅಂದರೆ ಐದು ನಿಮಿಷಕ್ಕೆ ಒಂಬತ್ತು ದಾಳಿ, ಒಂಬತ್ತು ಡಿಫೆನ್ಸ್. ದಾಳಿಯಲ್ಲಿ ಹೊಸ ಹುಡುಗನ ಕೈಗೆ ಚೆಂಡು ಮೂರ್ನಾಲ್ಕು ಸಲ ಬಂದೀತು, ಶಾಟ್ ಹೊಡೆಯುವ ಅವಕಾಶ ಒಂದೋ ಎರಡೋ. ಡಿಫೆನ್ಸ್ ಮಾತ್ರ ಒಂಬತ್ತಕ್ಕೆ ಒಂಬತ್ತೂ ಅವನ ಪಾಲಿಗಿರುತ್ತದೆ. ಹಾಗಾಗಿ ಕೋಚ್ ನೋಡುವುದು ಬೇರೆಯದನ್ನೇ: ಸ್ಕ್ರೀನ್ (ಎದುರಾಳಿ ಅಡ್ಡ ನಿಂತು ದಾರಿ ಕಟ್ಟುವುದು) ಬರುತ್ತಿದೆ ಎಂದು ಜೊತೆಯವನಿಗೆ ಕೂಗಿ ಹೇಳಿದನೇ, ಚೆಂಡು ಆಚೆ ಬದಿಯಲ್ಲಿದ್ದಾಗ ಪೇಂಟಿನೊಳಗೆ (ರಿಂಗಿನ ಮುಂದಿನ ಬಣ್ಣದ ಚೌಕ) ಒಂದು ಕಾಲಿಟ್ಟು ನೆರವಿಗೆ ನಿಂತನೇ, ಎದುರಾಳಿಯ ಶಾಟ್ ಹಾರಿದೊಡನೆ ತಾನು ಕಾಯುತ್ತಿದ್ದವನನ್ನು ಬಾಕ್ಸ್ ಔಟ್ ಮಾಡಿದನೇ, ಅಂದರೆ ಬೆನ್ನಿನಿಂದ ತಡೆದು ಚೆಂಡಿನಿಂದ ದೂರವಿಟ್ಟನೇ, ಚೆಂಡು ಕಳೆದುಕೊಂಡ ಮೇಲೆ ತಿರುಗಿ ಓಡಿದನೇ. ಐದು ನಿಮಿಷ ಎಂಟಾಗುವುದು, ಎಂಟು ಹದಿನೈದಾಗುವುದು ಈ ನಾಲ್ಕು ಕೆಲಸಗಳಿಂದ. 20 ಪಾಯಿಂಟ್ ಹಾಕುತ್ತಿದ್ದವನಿಗೆ ಇದು ಮೊದಮೊದಲು ಅವಮಾನದಂತೆ ಅನಿಸುತ್ತದೆ. ಅದು ಸಹಜ, ಅದನ್ನು ಮನೆಯಲ್ಲಿ ಇನ್ನಷ್ಟು ಊದಬೇಡಿ.

ಕೋಚ್ ಬೆಳೆಸುತ್ತಿದ್ದಾರೋ ಇಲ್ಲವೋ ಗೊತ್ತಾಗಬೇಕಾದರೆ ಪಂದ್ಯವಿಲ್ಲದ ದಿನಗಳನ್ನು ವಿಚಾರಿಸಿ. ಅವನ ಹೊಣೆ ಹೊತ್ತ ಒಬ್ಬ ಸಹಾಯಕ ಕೋಚ್ ಇದ್ದಾರೆಯೇ? ತಂಡದ ಅಭ್ಯಾಸಕ್ಕೆ ಮುಂಚೆಯೋ ಆಮೇಲೆಯೋ ವಾರಕ್ಕೆ ನಾಲ್ಕೈದು ದಿನ 20ರಿಂದ 30 ನಿಮಿಷ ಅವನೊಬ್ಬನಿಗಾಗಿ ಕೆಲಸ ನಡೆಯುತ್ತಿದೆಯೇ? ಪಂದ್ಯದ ಮರುದಿನ, ಹೆಚ್ಚು ಹೊತ್ತು ಆಡಿದವರು ವಿಶ್ರಾಂತಿಯಲ್ಲಿರುವಾಗ, ಹತ್ತು ನಿಮಿಷಕ್ಕಿಂತ ಕಡಿಮೆ ಆಡಿದವರನ್ನು ಸೇರಿಸಿ ಮೂವರು ಮೂವರ ಆಟ ಆಡಿಸುತ್ತಾರೆಯೇ? ಕೊನೆಯದನ್ನು ಎಷ್ಟೋ ಕ್ಲಬ್ಬುಗಳು ಮರೆಯುತ್ತವೆ. ಬೆಂಚಿನಲ್ಲಿ ಕೂತವನ ಕೌಶಲಕ್ಕಿಂತ ಬೇಗ ಕರಗುವುದು ಅವನ ದಮ್ಮು. ಎರಡು ತಿಂಗಳ ಮೇಲೆ ಅವಕಾಶ ಸಿಕ್ಕ ದಿನ ಮೂರನೇ ನಿಮಿಷಕ್ಕೇ ಏದುಸಿರು ಬಂದು, 'ಇವನು ಇನ್ನೂ ತಯಾರಿಲ್ಲ' ಎನ್ನುವ ತೀರ್ಮಾನವಾಗಿಬಿಡುತ್ತದೆ.

ಎರಡನೇ ತಂಡವಿದ್ದರೆ ಅಲ್ಲಿ 25-30 ನಿಮಿಷ ಆಡಿಸುವುದು ಶಿಕ್ಷೆಯಲ್ಲ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ತನ್ನ ಕಿರಿಯ ಲೀಗನ್ನು 2001ರಲ್ಲಿ ಶುರುಮಾಡಿದ್ದು, 2017ರಿಂದ ಎರಡೂ ಕಡೆ ಆಡಬಹುದಾದ ಟೂ-ವೇ ಒಪ್ಪಂದಗಳನ್ನು ತಂದದ್ದು ಇಂಥ ಆಟಗಾರರನ್ನು ಬೆಳೆಸಲಿಕ್ಕಾಗಿಯೇ. ಅಲ್ಲಿ ಒಂದು ಅಪಾಯ ಮಾತ್ರ ಇದೆ. ಕೆಳಗಿನ ತಂಡದಲ್ಲಿ ಚೆಂಡೆಲ್ಲ ತನ್ನ ಕೈಯಲ್ಲೇ ಇಟ್ಟುಕೊಂಡು 25 ಶಾಟ್ ಹೊಡೆದು, ಮೇಲಿನ ತಂಡದಲ್ಲಿ ಮೂಲೆಯಲ್ಲಿ ನಿಂತು ಕಾಯಬೇಕಾದರೆ ಎರಡೂ ಕಡೆಯ ಅಭ್ಯಾಸ ಒಂದನ್ನೊಂದು ಕೆಡಿಸುತ್ತದೆ. ಒಳ್ಳೆಯ ಕ್ಲಬ್ಬಿನಲ್ಲಿ ಎರಡೂ ತಂಡಗಳ ಡಿಫೆನ್ಸ್ ಒಂದೇ, ಕೂಗಿ ಹೇಳುವ ಮಾತುಗಳೂ ಒಂದೇ. ಹುಡುಗನ ಪಾತ್ರವೂ ಆದಷ್ಟು ಒಂದೇ ಇರುತ್ತದೆ.

ದಾರಿ ಎಲ್ಲರಿಗೂ ಒಂದೇ ಅಲ್ಲ. ಎನ್‌ಬಿಎ ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2013ರಲ್ಲಿ, 15ನೆಯವನಾಗಿ ಮಿಲ್ವಾಕಿಗೆ ಬಂದ ಯಾನಿಸ್ ಆಂಟೆಟೊಕೊಂಪೊಗೆ ಮೊದಲ ಸೀಸನ್‌ನಲ್ಲೇ ಪಂದ್ಯಕ್ಕೆ 24 ನಿಮಿಷಕ್ಕಿಂತ ಹೆಚ್ಚು ಸಿಕ್ಕಿತು. ಆ ಸೀಸನ್ ತಂಡ ಗೆದ್ದದ್ದು 82ರಲ್ಲಿ ಬರೀ 15 ಪಂದ್ಯ, ತಪ್ಪು ಮಾಡಲು ಬೇಕಾದಷ್ಟು ಜಾಗವಿತ್ತು. 2011ರಲ್ಲಿ ಅದೇ 15ನೇ ಸ್ಥಾನದಲ್ಲಿ ಆಯ್ಕೆಯಾದ ಕವಾಯ್ ಲೆನರ್ಡ್ ಸೇರಿದ್ದು ಗೆಲ್ಲುವುದನ್ನೇ ರೂಢಿ ಮಾಡಿಕೊಂಡಿದ್ದ ಸ್ಯಾನ್ ಆಂಟೋನಿಯೋ ತಂಡವನ್ನು. ಅಲ್ಲಿ ಅವರಿಗೆ ಸಿಕ್ಕ ಕೆಲಸ ಚಿಕ್ಕದು: ಎದುರಾಳಿಯ ಒಳ್ಳೆಯ ಆಟಗಾರನನ್ನು ಕಾಯುವುದು, ಮೂಲೆಯಿಂದ ಶಾಟ್ ಹೊಡೆಯುವುದು. ಮಿಕ್ಕದ್ದು ವರ್ಷಗಳ ಮೇಲೆ ಒಂದೊಂದಾಗಿ ಸೇರಿತು. ನಿಮ್ಮ ಮಗ ಇವೆರಡರಲ್ಲಿ ಯಾವ ಬಗೆಯ ತಂಡದಲ್ಲಿದ್ದಾನೆ ಎಂದು ಮೊದಲು ತಿಳಿದುಕೊಳ್ಳಿ.

ಮೂರು ತಿಂಗಳು ಕಳೆದರೂ 'ನೀನು ಈ ಎರಡು ವಿಷಯ ಸರಿಮಾಡಿಕೊಂಡರೆ ಹೆಚ್ಚು ಆಡುತ್ತೀಯ' ಎಂದು ಯಾರೂ ಬಿಡಿಸಿ ಹೇಳಿಲ್ಲವೆಂದರೆ ಆಗ ಚಿಂತಿಸಬೇಕು. ಹೋಗಿ ಕೇಳಬೇಕಾದವನು ಅವನೇ, ನೀವಲ್ಲ. ಪಂದ್ಯದ ದಿನ ಬೇಡ, ಅಭ್ಯಾಸ ಮುಗಿದ ಮೇಲೆ ಕೇಳಲಿ. 'ನನ್ನನ್ನೇಕೆ ಆಡಿಸುತ್ತಿಲ್ಲ' ಎಂದಲ್ಲ, 'ನನ್ನನ್ನು ಅಂಗಣದಲ್ಲಿ ಬಿಡಲು ನಿಮಗೆ ಯಾವುದು ಅಡ್ಡಿಯಾಗಿದೆ' ಎಂದು.

ಪ್ರಶ್ನೆ: ನನಗೆ 21. ಶೂಟಿಂಗ್ ಕೋಚ್ ನನ್ನ ಶಾಟ್ ಬದಲಾಯಿಸುತ್ತಿದ್ದಾರೆ. ಚೆಂಡನ್ನು ತಲೆಯ ಹಿಂದಿನಿಂದ ಬಿಡುತ್ತಿದ್ದೆ, ಈಗ ಹಣೆಯ ಮುಂದಿನಿಂದ ಬಿಡಬೇಕಂತೆ. ಹೋದ ಸೀಸನ್ ಥ್ರೀ ಪಾಯಿಂಟ್ 100ಕ್ಕೆ 34 ಬೀಳುತ್ತಿತ್ತು. ಈ ಸೀಸನ್ 42ರಲ್ಲಿ 11 ಬಿದ್ದಿದೆ. ಹಳೆಯದಕ್ಕೇ ಮರಳಲೇ?

42ರಲ್ಲಿ 11 ಎಂಬ ಅಂಕಿಗೆ ಹೆದರಬೇಡಿ. 100ಕ್ಕೆ 34 ಹಾಕುವವರು 42 ಶಾಟ್ ಹೊಡೆದರೆ ಸರಾಸರಿ 14 ಬೀಳುತ್ತದೆ. ಆದರೆ ಏನೂ ಬದಲಾಗದೆಯೂ 11ರಿಂದ 17ರವರೆಗೆ ಏರಿಳಿಯುವುದು ತೀರ ಸಾಮಾನ್ಯ. 42 ಶಾಟ್‌ನಿಂದ ಯಾವ ತೀರ್ಮಾನಕ್ಕೂ ಬರಲಾಗದು. ಇನ್ನೂರಾದರೂ ಆಗಲಿ.

ನಮ್ಮ ತಕರಾರು ಬೇರೆ ಕಡೆ ಇದೆ. ಬಿಡುವ ಜಾಗವನ್ನೇ ಬದಲಿಸುವಂಥ ದೊಡ್ಡ ಕೆಲಸವನ್ನು ಸೀಸನ್ ನಡುವೆ ಶುರುಮಾಡಬಾರದು. ಅದಕ್ಕೆ ಪಂದ್ಯಗಳಿಲ್ಲದ 8ರಿಂದ 12 ವಾರ ಬೇಕು. ಪಂದ್ಯದ ಒತ್ತಡದಲ್ಲಿ ಕೈ ತಾನಾಗಿಯೇ ಹಳೆಯದಕ್ಕೆ ಓಡುತ್ತದೆ, ಅಭ್ಯಾಸದಲ್ಲಿ ಹೊಸದಕ್ಕೆ. ಕೊನೆಗೆ ಎರಡೂ ಅಲ್ಲದ ಮೂರನೆಯ ಶಾಟ್ ಹುಟ್ಟಿಕೊಳ್ಳುತ್ತದೆ. ಈಗಾಗಲೇ ಶುರುವಾಗಿದ್ದರೆ ಕೋಚ್ ಜೊತೆ ಮಾತಾಡಿ ಒಂದು ಒಪ್ಪಂದಕ್ಕೆ ಬನ್ನಿ: ಸೀಸನ್ ಮುಗಿಯುವವರೆಗೆ ಹೊಸ ಕ್ರಮ ಹತ್ತಿರದ ಶಾಟ್ ಮತ್ತು ಫ್ರೀ ಥ್ರೋಗೆ ಮಾತ್ರ, ಥ್ರೀ ಪಾಯಿಂಟ್ ಸದ್ಯಕ್ಕೆ ಕೈಗೆ ಬಂದಂತೆ.

ಬದಲಾವಣೆ ಬೇಕೇ ಎಂದರೆ, ಬಹುಶಃ ಬೇಕು. ತಲೆಯ ಹಿಂದೆ ಹೋಗಿ ಬರುವ ಚೆಂಡಿಗೆ ದಾರಿ ಉದ್ದ, ಸಮಯ ಹೆಚ್ಚು. ಜೂನಿಯರ್ ಆಟದಲ್ಲಿ ಆ ಸಮಯ ಸಿಗುತ್ತದೆ. ವೃತ್ತಿಪರ ಆಟದಲ್ಲಿ ಡಿಫೆಂಡರ್ ಅಷ್ಟರಲ್ಲಿ ಬಂದಿರುತ್ತಾನೆ. ಸಿಗುವ ಶಾಟ್‌ಗಳ ಸಂಖ್ಯೆಯೇ ಇಳಿಯುತ್ತದೆ, ಅದು ಶೇಕಡಾವಾರಿನಲ್ಲಿ ಕಾಣುವುದಿಲ್ಲ. ಮೇಲೆ ಹೇಳಿದ ಲೆನರ್ಡ್ ಅವರ ಕಥೆ ಇದಕ್ಕೆ ಹತ್ತಿರ. ಕಾಲೇಜಿನ ಎರಡು ವರ್ಷದಲ್ಲಿ ಅವರ ಥ್ರೀ ಪಾಯಿಂಟ್ 100ಕ್ಕೆ 25ರ ಆಸುಪಾಸಿನಲ್ಲಿತ್ತು. ಸ್ಯಾನ್ ಆಂಟೋನಿಯೋದ ಶೂಟಿಂಗ್ ಕೋಚ್ ಚಿಪ್ ಎಂಗೆಲಂಡ್ ತಲೆಯ ಮೇಲೆತ್ತಿ ಬಿಡುತ್ತಿದ್ದ ಚೆಂಡನ್ನು ಕೆಳಗೆ, ಮುಂದಕ್ಕೆ ತಂದರು. ಮೊದಲ ಎನ್‌ಬಿಎ ಸೀಸನ್‌ನಲ್ಲಿ ಅದು 37.6ಕ್ಕೆ ಏರಿತು, ಅದೂ ಕಾಲೇಜಿಗಿಂತ ದೂರದ ಗೆರೆಯಿಂದ. ಅದೇ ತಂಡದ ಟೋನಿ ಪಾರ್ಕರ್‌ಗೆ ಅದೇ ಕೋಚ್ 2005ರಲ್ಲಿ ಕೊಟ್ಟ ಮದ್ದು ಬೇರೆ. ಥ್ರೀ ಪಾಯಿಂಟನ್ನು ಬಹುಮಟ್ಟಿಗೆ ಬಿಡಿಸಿ, ನಡು ದೂರದ ಶಾಟನ್ನು ಕಟ್ಟಿದರು. ಪಾರ್ಕರ್ ಅವರ ಒಟ್ಟು ಶಾಟ್‌ಗಳಲ್ಲಿ ಬಿದ್ದವುಗಳ ಪ್ರಮಾಣ ಒಂದೇ ಸೀಸನ್‌ನಲ್ಲಿ 100ಕ್ಕೆ 48.2ರಿಂದ 54.8ಕ್ಕೆ ಹೋಯಿತು.

ಇನ್ನು ನಿಮ್ಮ ತಪ್ಪು ಯಾವ ಬಗೆಯದು ಎಂದು ನೋಡಿಕೊಳ್ಳಿ. ನೂರು ಶಾಟ್ ಹೊಡೆದು ಬೀಳದವುಗಳನ್ನು ನಾಲ್ಕು ಮನೆಗಳಲ್ಲಿ ಗುರುತು ಹಾಕಿ: ಗಿಡ್ಡ, ಉದ್ದ, ಎಡ, ಬಲ. ಗಿಡ್ಡವೂ ಉದ್ದವೂ ಬೆರೆತಿದ್ದರೆ ಕಾಲಿನ ಬಲಕ್ಕೂ ಕೈ ಬಿಡುವ ಸಮಯಕ್ಕೂ ಹೊಂದಾಣಿಕೆಯಿಲ್ಲ. ಬರೀ ಗಿಡ್ಡವಾಗಿದ್ದರೆ ದಣಿವು ಅಥವಾ ಚಪ್ಪಟೆ ಶಾಟ್. ಎಡ-ಬಲ ತಪ್ಪುವುದು ಗಂಭೀರ. ಮೊಣಕೈ ಹೊರಗೆ ಹೋಗುತ್ತಿರಬಹುದು, ಆದರೆ ಹೆಚ್ಚು ಸಲ ಕಾರಣ ಆಸರೆ ಕೈಯ (ಚೆಂಡನ್ನು ಬದಿಯಿಂದ ಹಿಡಿಯುವ ಕೈಯ) ಹೆಬ್ಬೆರಳು. ಚೆಂಡು ಬಿಡುವಾಗ ಅದು ತಳ್ಳುತ್ತದೆ. ಒಬ್ಬರು ಹಿಂದಿನಿಂದ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದರೆ ಸಾಕು: ಚೆಂಡು ಅಡ್ಡಕ್ಕೆ ತಿರುಗುತ್ತಾ ಹೋಗುತ್ತಿದ್ದರೆ ಹೆಬ್ಬೆರಳೇ ಕಾರಣ.

ಚಪ್ಪಟೆ ಶಾಟ್ ಏಕೆ ಬೀಳುವುದಿಲ್ಲ ಎಂಬುದಕ್ಕೆ ಸರಳ ಲೆಕ್ಕವಿದೆ. ರಿಂಗಿನ ಅಗಲ 45 ಸೆಂ.ಮೀ., 7ನೇ ಅಳತೆಯ ಚೆಂಡಿನ ಅಡ್ಡಳತೆ ಸುಮಾರು 24. ಚೆಂಡು 45 ಡಿಗ್ರಿ ಕೋನದಲ್ಲಿ ಇಳಿದರೆ ಅದಕ್ಕೆ ಸಿಗುವ ಬಾಯಿ 32 ಸೆಂ.ಮೀ. 35 ಡಿಗ್ರಿಯಾದರೆ ಬರೀ 26. ಎಂಟು ಸೆಂಟಿಮೀಟರ್ ಸಡಿಲವಿದ್ದದ್ದು ಎರಡಕ್ಕೆ ಇಳಿಯುತ್ತದೆ. ತಲೆಯ ಹಿಂದಿನಿಂದ ಎಸೆಯುವವರ ಶಾಟ್ ಹೆಚ್ಚಾಗಿ ಹೀಗೇ ಚಪ್ಪಟೆಯಾಗುವುದು.

ಬಿಡುವಿನ ವಾರಗಳಲ್ಲಿ ಕ್ರಮ ಹೀಗಿರಲಿ. ಮೊದಲ ಎರಡು ವಾರ ರಿಂಗಿನಿಂದ ಒಂದೂವರೆ, ಎರಡು ಮೀಟರ್ ದೂರದಲ್ಲಿ ಒಂದೇ ಕೈಯಲ್ಲಿ, ಆಮೇಲೆ ಆಸರೆ ಕೈಯನ್ನು ಮುಟ್ಟಿಸಿಯೂ ಮುಟ್ಟಿಸದಂತೆ ಇಟ್ಟು. ರಿಂಗನ್ನು ತಾಗದೆ ಬಿದ್ದವನ್ನೇ ಎಣಿಸಿ. ಆಮೇಲೆ ಎರಡು ವಾರ ಮೂರು, ನಾಲ್ಕು ಮೀಟರ್, ಜೊತೆಗೆ ಫ್ರೀ ಥ್ರೋ. ಐದನೇ ವಾರದಿಂದ ಪಾಸ್ ಹಿಡಿದು, ಆರನೆಯದರಿಂದ ಓಡಿ ಬಂದು, ಏಳರಿಂದ ಥ್ರೀ ಪಾಯಿಂಟ್ ಗೆರೆ. ಬೀಳುವ ಶಾಟ್ ದಿನಕ್ಕೆ 250ರಿಂದ 300 ಸಾಕು. ದಣಿದ ಕೈ ಹಳೆಯ ದಾರಿಗೇ ಮರಳುತ್ತದೆ. ಸಾಲಾಗಿ ಮೂರು ಗಿಡ್ಡ ಬಿದ್ದರೆ ಅಂದಿನ ಕೆಲಸ ಮುಗಿಯಿತು. ದೂರ ಹೆಚ್ಚಿಸಿದಾಗ ಆಕಾರ ಕೆಟ್ಟರೆ ಒಂದು ಮೆಟ್ಟಿಲು ಕೆಳಗಿಳಿಯಿರಿ, ನಾಚಿಕೆ ಬೇಡ.

ತಲೆಯಲ್ಲಿ ಒಂದೇ ಮಾತಿಟ್ಟುಕೊಳ್ಳಿ. 'ಮೊಣಕೈ ಒಳಗೆ, ಮಣಿಕಟ್ಟು ಸಡಿಲ, ಮಂಡಿ ಬಗ್ಗಿಸು' ಎಂದು ಮೂರು ಹೇಳುವ ಕೋಚ್ ಮೂರನ್ನೂ ಕೆಡಿಸುತ್ತಾರೆ. ಮೈಯ ಭಾಗದ ಮೇಲೆ ಗಮನವಿಡುವುದಕ್ಕಿಂತ ಗುರಿಯ ಮೇಲಿಟ್ಟರೆ ಕೈ ಹಗುರಾಗಿ ಓಡುತ್ತದೆ. 'ರಿಂಗಿನ ಹಿಂಬದಿಯ ಅಂಚಿನ ಮೇಲಿನಿಂದ ಇಳಿಸು' ಎಂಬಂಥ ಮಾತು ಒಳ್ಳೆಯದು.

ಪ್ರಶ್ನೆ: ಅಭ್ಯಾಸದಲ್ಲಿ ಹತ್ತಕ್ಕೆ ಎಂಟು ಹಾಕುತ್ತೇನೆ. ಪಂದ್ಯದಲ್ಲಿ ಕೈ ಕಟ್ಟಿಹೋಗುತ್ತದೆ. ಕೋಚ್ 'ಧೈರ್ಯ ಸಾಲದು' ಅನ್ನುತ್ತಾರೆ. ಧೈರ್ಯ ಬೆಳೆಸಿಕೊಳ್ಳುವುದು ಹೇಗೆ?

ಇದನ್ನು ಧೈರ್ಯದ ಲೆಕ್ಕಕ್ಕೆ ಹಾಕುವುದು ಅನ್ಯಾಯ. ನಿಮ್ಮ ಅಭ್ಯಾಸವೇ ಪಂದ್ಯದಂತಿಲ್ಲ. ಒಂದೇ ಜಾಗದಲ್ಲಿ ನಿಂತು, ಒಬ್ಬರು ಚೆಂಡು ಕೊಡುತ್ತಿದ್ದರೆ, ಎದುರಿಗೆ ಯಾರೂ ಇಲ್ಲದೆ ಹೊಡೆದ ಹತ್ತು ಶಾಟ್‌ಗಳಲ್ಲಿ ಕೊನೆಯ ಒಂಬತ್ತು ಮೊದಲನೆಯದರ ನಕಲು. ಪಂದ್ಯದಲ್ಲಿ ಪ್ರತಿ ಶಾಟೂ ಮೊದಲನೆಯದೇ. ಒಂದೇ ಕೆಲಸವನ್ನು ಗಂಟುಕಟ್ಟಿ ಮಾಡಿದರೆ ಅಭ್ಯಾಸದಲ್ಲಿ ಚೆನ್ನಾಗಿ ಕಾಣುತ್ತದೆ, ಬೆರೆಸಿ ಮಾಡಿದರೆ ಕಲಿತದ್ದು ಹೆಚ್ಚು ದಿನ ಉಳಿಯುತ್ತದೆ. ಚಲನೆಯ ಕಲಿಕೆಯನ್ನು ಅಧ್ಯಯನ ಮಾಡಿದವರು ಇದನ್ನು 1979ರಲ್ಲೇ ತೋರಿಸಿಕೊಟ್ಟಿದ್ದಾರೆ.

ಅರ್ಧ ಗಂಟೆಯ ಶೂಟಿಂಗ್ ಇದ್ದರೆ ಮೊದಲ ಎಂಟು ನಿಮಿಷ ನಿಂತು ಹೊಡೆಯಿರಿ, ಕೈ ಬೆಚ್ಚಗಾಗಲಿ. ಆಮೇಲೆ ಒಂದೇ ಜಾಗದಿಂದ ಎರಡು ಸಲ ಹೊಡೆಯಕೂಡದು. ಕೊನೆಯ ಹತ್ತು ಹನ್ನೆರಡು ನಿಮಿಷ ಒಬ್ಬ ಡಿಫೆಂಡರ್ ಬೇಕೇಬೇಕು. ಅವನು ಪೇಂಟಿನೊಳಗಿನಿಂದ ನಿಮ್ಮತ್ತ ಓಡಿ ಬರಲಿ. ದೂರದಲ್ಲೇ ನಿಂತರೆ ಶಾಟ್, ಮೈಮೇಲೆ ಬಿದ್ದರೆ ಅವನ ಮುಂದಿಟ್ಟ ಕಾಲಿನ ಬದಿಯಿಂದ ಡ್ರಿಬಲ್ ಮಾಡಿ ಒಳಗೆ, ಇನ್ನೊಬ್ಬ ನೆರವಿಗೆ ಬಂದರೆ ಪಾಸ್. ಅವನು ಏನು ಮಾಡುತ್ತಾನೆಂದು ನಿಮಗೆ ಮೊದಲೇ ಗೊತ್ತಿರಬಾರದು. ಹೀಗೆ ಮಾಡಿದರೆ ಹತ್ತಕ್ಕೆ ಎಂಟು ಇದ್ದದ್ದು ಐದಕ್ಕೆ, ನಾಲ್ಕಕ್ಕೆ ಇಳಿಯುತ್ತದೆ. ಇಳಿಯಲೇಬೇಕು. ಇಳಿಯದಿದ್ದರೆ ಡಿಫೆಂಡರ್ ನಿಮಗೆ ಮರ್ಯಾದೆ ಕೊಡುತ್ತಿದ್ದಾನೆ ಎಂದರ್ಥ.

ಕೈ ಕಟ್ಟುವುದಕ್ಕೆ ಇನ್ನೊಂದು ಕಾರಣ, ಚೆಂಡು ಸಿಕ್ಕ ಮೇಲೆ ನೋಡಲು ಶುರುಮಾಡುವುದು. ಪಿಕ್ ಅಂಡ್ ರೋಲನ್ನೇ ತೆಗೆದುಕೊಳ್ಳಿ. ನಿಮ್ಮ ಕೈಯಲ್ಲಿ ಚೆಂಡಿದೆ, ಎತ್ತರದ ಜೊತೆಗಾರ ಬಂದು ಸ್ಕ್ರೀನ್ ಹಾಕಿದ. ಎಳೆಯರು ನೋಡುವುದು ತಮ್ಮನ್ನು ಕಾಯುತ್ತಿರುವವನನ್ನು. ಅವನ ಬಗ್ಗೆ ಗೊತ್ತಾಗಬೇಕಾದ್ದು ಒಂದೇ: ಸ್ಕ್ರೀನ್‌ನ ಹಿಂದಿನಿಂದ ಸುತ್ತಿ ಹೋದನೇ, ಮೇಲಿನಿಂದ ಬೆನ್ನಟ್ಟಿದನೇ. ಹಿಂದಿನಿಂದ ಹೋದರೆ ಅಲ್ಲೇ ಶಾಟ್ ಹೊಡೆಯಬಹುದು. ಬೆನ್ನಟ್ಟಿದರೆ ಅವನನ್ನು ಬೆನ್ನಿನ ಮೇಲೆ ಇಟ್ಟುಕೊಂಡು ಎರಡು ಡ್ರಿಬಲ್ ಮುಂದೆ ಹೋಗಿ, ಕಣ್ಣು ನಿಮ್ಮ ಜೊತೆಗಾರನನ್ನು ಕಾಯುತ್ತಿರುವ ಎದುರಾಳಿ ಎತ್ತರದವನ ಮೇಲೆ. ಅವನು ಹಿಂದೆ ಸರಿದು ರಿಂಗಿನ ಬಳಿ ನಿಂತರೆ ನಡು ದೂರದ ಶಾಟ್. ಮುಂದೆ ಬಂದು ನಿಮ್ಮನ್ನು ತಡೆದರೆ ನಿಮ್ಮ ಜೊತೆಗಾರ ರಿಂಗಿನತ್ತ ಉರುಳುತ್ತಿರುತ್ತಾನೆ, ಅಂದರೆ ತಿರುಗಿ ಓಡುತ್ತಿರುತ್ತಾನೆ, ಇಬ್ಬರ ನಡುವಿನ ಸಂದಿಯಲ್ಲಿ ನೆಲಕ್ಕೆ ಬಡಿಸಿ ಪಾಸ್. ಮೂರನೆಯವನೊಬ್ಬನಿದ್ದಾನೆ, ಚೆಂಡು ಎದುರಾಳಿಗೆ ಹೋಗುವುದು ಅವನಿಂದಲೇ: ಆಚೆ ಮೂಲೆಯಿಂದ ಬಂದು ಉರುಳುವವನನ್ನು ಅಡ್ಡಗಟ್ಟುವವನು. ಅವನು ಒಳಗೆ ಬಂದರೆ ಮೂಲೆ ಖಾಲಿ, ಪಾಸ್ ಅಲ್ಲಿಗೆ.

ಇದನ್ನು ಐವರ ಆಟದಲ್ಲಿ ನೇರವಾಗಿ ಕಲಿಸಲು ಹೋದರೆ ತಲೆ ತಿರುಗುತ್ತದೆ. ಮೊದಲು ಇಬ್ಬರಿಗೆ ಇಬ್ಬರು, ಎತ್ತರದವನು ಹಿಂದೆಯೇ ಸರಿಯುತ್ತಾನೆ ಎಂಬ ಕಟ್ಟುಪಾಡಿನೊಂದಿಗೆ. ಆಮೇಲೆ ಅವನಿಗೆ ಆಯ್ಕೆ ಕೊಡಿ. ಆಮೇಲೆ ಮೂಲೆಯ ಜೋಡಿಯನ್ನು ಸೇರಿಸಿ ಮೂವರಿಗೆ ಮೂವರು. ಒಂದು ಹಂತಕ್ಕೆ ಒಂದು ವಾರವಾದರೂ ಬೇಕು. ನಿಮ್ಮ ಕೋಚ್ ಇದನ್ನು ಮಾಡಿಸದಿದ್ದರೆ ಸಹಾಯಕ ಕೋಚನ್ನು ಕೇಳಿ, ಅಭ್ಯಾಸದ ನಂತರ ನಾಲ್ಕು ಜನ ಸಿಕ್ಕರೆ ಸಾಕು.

ಪ್ರಶ್ನೆ: ನಾನು 18ರ ಆಟಗಾರ್ತಿ. ಕ್ಲಬ್ ಸೇರಿದ ಎರಡು ತಿಂಗಳಿಗೆ ಮಂಡಿಚಿಪ್ಪಿನ ಕೆಳಗೆ ನೋವು ಶುರುವಾಗಿದೆ. ಕೋಚ್ ತೂಕ ಎತ್ತಲು ಹೇಳುತ್ತಾರೆ. ಅದರಿಂದ ಶಾಟ್ ಕೆಡುತ್ತದೆ ಅಂತ ಗೆಳತಿಯರು ಹೇಳುತ್ತಾರೆ.

ಮೊದಲು ಕ್ಲಬ್ಬಿನ ಫಿಸಿಯೋ ಅಥವಾ ವೈದ್ಯರಿಗೆ ತೋರಿಸಿ. ನೀವು ಹೇಳುವ ಜಾಗದ ನೋವು ಹೆಚ್ಚಾಗಿ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನದು. ಹೆಚ್ಚು ಜಿಗಿಯುವವರಿಗೆ ಬರುವಂಥದ್ದು, ಜಂಪರ್ಸ್ ನೀ ಎನ್ನುತ್ತಾರೆ. ಜೂನಿಯರ್ ತಂಡದಲ್ಲಿ ವಾರಕ್ಕೆ ಮೂರು ಅಭ್ಯಾಸ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ಎಂಟು ಒಂಬತ್ತಕ್ಕೆ ಹೋದಾಗ ಕಾಣಿಸಿಕೊಳ್ಳುತ್ತದೆ. ಪೂರ್ತಿ ವಿಶ್ರಾಂತಿ ತೆಗೆದುಕೊಂಡರೆ ನೋವು ಹೋಗುತ್ತದೆ, ಆಟಕ್ಕೆ ಮರಳಿದ ವಾರವೇ ಮತ್ತೆ ಬರುತ್ತದೆ, ಏಕೆಂದರೆ ರಜ್ಜು ಗಟ್ಟಿಯಾಗಿರುವುದಿಲ್ಲ. ಜಿಗಿತಗಳನ್ನು ಕಡಿಮೆ ಮಾಡಿ ತೂಕವನ್ನು ನಿಧಾನವಾಗಿ ಏರಿಸುವುದೇ ಸಾಮಾನ್ಯವಾಗಿ ಅನುಸರಿಸುವ ದಾರಿ. ಮೊದಲು ಲೆಗ್ ಎಕ್ಸ್‌ಟೆನ್ಷನ್ ಯಂತ್ರದಲ್ಲಿ ಕಾಲನ್ನು ಅಲುಗಿಸದೆ 45 ಸೆಕೆಂಡ್ ಹಿಡಿಯುವುದು, ಐದು ಸಲ, ನಡುವೆ ಎರಡು ನಿಮಿಷ ಬಿಡುವು. ಆಮೇಲೆ ನಿಧಾನವಾದ ಭಾರದ ಸ್ಕ್ವಾಟ್ ಮತ್ತು ಲೆಗ್ ಪ್ರೆಸ್, ವಾರಕ್ಕೆ ಮೂರು ದಿನ, ಸುಮಾರು 12 ವಾರ. ಹತ್ತರ ಅಳತೆಯಲ್ಲಿ ನೋವು ಮೂರು ಮೀರಬಾರದು, ಮರುದಿನ ಬೆಳಗ್ಗೆ ಹಿಂದಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ನಿನ್ನೆಯ ಕೆಲಸ ಜಾಸ್ತಿಯಾಯಿತು.

ಹೆಣ್ಣುಮಕ್ಕಳಿಗೆ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಗಂಡುಮಕ್ಕಳಿಗಿಂತ ಹೆಚ್ಚು. ಹಾಗಾಗಿ ಜಿಗಿದು ಇಳಿಯುವುದನ್ನು ಕಲಿಸದ ಕೋಚ್ ಮುಖ್ಯವಾದದ್ದನ್ನೇ ಬಿಟ್ಟಿದ್ದಾರೆ. ವಾರಕ್ಕೆ ಎರಡು ಮೂರು ದಿನ, ಬೆಚ್ಚಗಾಗುವ ಹೊತ್ತಿನಲ್ಲೇ 15-20 ನಿಮಿಷ ಸಾಕು: ಜಿಗಿದು ಇಳಿದು ನಿಲ್ಲುವುದು, ಒಂಟಿ ಕಾಲಲ್ಲಿ ಇಳಿಯುವುದು, ಓಡಿ ಬಂದು ತಿರುಗುವುದು. ಇಳಿಯುವಾಗ ಮಂಡಿ ಒಳಗೆ ವಾಲದೆ ಪಾದದ ನೇರಕ್ಕಿರಬೇಕು, ಇಳಿದ ಸದ್ದು ಕೇಳಿಸಬಾರದು.

ತೂಕ ಎತ್ತಿದರೆ ಶಾಟ್ ಕೆಡುವುದಿಲ್ಲ. ಎತ್ತಿದ ದಿನವೇ ಶೂಟಿಂಗ್ ಇಟ್ಟರೆ ಅಂದು ಗಿಡ್ಡ ಬೀಳುತ್ತದೆ, ಅಷ್ಟೆ. ಅವತ್ತು ಶಾಟ್ ಮೊದಲು, ತೂಕ ಆಮೇಲೆ. ನಿದ್ದೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 11 ಆಟಗಾರರು ಕೆಲವು ವಾರ ರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿರಲು ಪ್ರಯತ್ನಿಸಿದಾಗ ಫ್ರೀ ಥ್ರೋ, ಥ್ರೀ ಪಾಯಿಂಟ್ ಎರಡೂ ಶೇಕಡಾ 9ರಷ್ಟು ಸುಧಾರಿಸಿದವೆಂದು 2011ರಲ್ಲಿ ಪ್ರಕಟವಾಯಿತು. ಚಿಕ್ಕ ಗುಂಪು, ಹೋಲಿಸಲು ಇನ್ನೊಂದು ಗುಂಪೂ ಇರಲಿಲ್ಲ. ಆದರೂ ಕಡೆಗಣಿಸುವಂಥದ್ದಲ್ಲ.

ಪ್ರಶ್ನೆ: ನಾನು ಸಹಾಯಕ ಕೋಚ್. ನನ್ನ ಪಾಲಿಗೆ 20 ವರ್ಷದ ಇಬ್ಬರು ಗಾರ್ಡ್‌ಗಳಿದ್ದಾರೆ (ಹೊರಗಿನಿಂದ ಚೆಂಡು ನಡೆಸುವವರು). ಮುಖ್ಯ ಕೋಚ್ ತಪ್ಪಾದ ತಕ್ಷಣ ಹೊರಗೆ ಕರೆಯುತ್ತಾರೆ, ಹುಡುಗರು ಬೆಂಚನ್ನೇ ನೋಡುತ್ತಾ ಆಡುತ್ತಿದ್ದಾರೆ. ನಾನೇನು ಮಾಡಬಹುದು?

ಬೆಂಚನ್ನು ನೋಡುತ್ತಾ ಆಡುವವನು ಏನನ್ನೂ ಕಲಿಯುವುದಿಲ್ಲ, ತಪ್ಪನ್ನು ಬಚ್ಚಿಡುವುದನ್ನು ಮಾತ್ರ ಕಲಿಯುತ್ತಾನೆ. ಕಷ್ಟದ ಪಾಸ್ ಕೊಡದೆ ಪಕ್ಕದವನಿಗೆ ತಳ್ಳಿ ಕೈತೊಳೆದುಕೊಳ್ಳುತ್ತಾನೆ. ಅಂಕಿಅಂಶದಲ್ಲಿ ಅವನದು ಒಂದೂ ತಪ್ಪಿಲ್ಲ, ತಂಡದ ದಾಳಿ ಮಾತ್ರ ಸತ್ತಿರುತ್ತದೆ. ಎಳೆಯ ಗಾರ್ಡನ್ನು ಬೆಳೆಸುವ ಕೋಚ್ ಮಾಡಬೇಕಾದ ಮೊದಲ ಕೆಲಸ ಯಾವ ತಪ್ಪಿಗೆ ಅನುಮತಿಯಿದೆ, ಯಾವುದಕ್ಕಿಲ್ಲ ಎಂದು ಮುಂಚೆಯೇ ಹೇಳಿಬಿಡುವುದು.

ಮುಖ್ಯ ಕೋಚ್ ಜೊತೆ ಕೂತು ತಪ್ಪುಗಳನ್ನು ಬಗೆಬಗೆಯಾಗಿ ವಿಂಗಡಿಸಿ. ಸರಿಯಾದುದನ್ನು ನೋಡಿ, ಸರಿಯಾಗಿ ನಿರ್ಧರಿಸಿ, ಪಾಸ್ ಅರ್ಧ ಅಡಿ ಆಚೆ ಹೋದರೆ ಅದಕ್ಕೆ ಹೊರಗೆ ಕರೆಯಬಾರದು, ಆ ಪಾಸನ್ನು ನಾಳೆ 40 ಸಲ ಮಾಡಿಸಬೇಕು. ನೋಡದೆಯೇ ಹೊಡೆದರೆ, ಬಿಡುವಿನಲ್ಲಿ ವಿಡಿಯೊ ತೋರಿಸಬೇಕು. ಹಿಂದೆ ಓಡದಿದ್ದರೆ, ಕೂಗಿ ಹೇಳದಿದ್ದರೆ ಆಗಲೇ ಹೊರಗೆ ಕರೆಯಲಿ, ಯಾರೂ ದೂರುವುದಿಲ್ಲ. ಕರೆದವನ ಪಕ್ಕದಲ್ಲಿ ನೀವು ಕೂರಿ. ಮೊದಲ ಒಂದು ನಿಮಿಷ ಏನೂ ಹೇಳಬೇಡಿ, ಉಸಿರು ಇಳಿಯಲಿ. ಆಮೇಲೆ 'ಏನು ನೋಡಿದೆ?' ಎಂದಷ್ಟೇ ಕೇಳಿ. ಅವನ ಉತ್ತರದಲ್ಲೇ ತಪ್ಪು ಕಣ್ಣಿನದೋ ಕೈಯದೋ ಎಂದು ನಿಮಗೆ ಗೊತ್ತಾಗುತ್ತದೆ.

ವಿಡಿಯೊ ನೋಡುವುದು 15 ನಿಮಿಷ ಮೀರದಿರಲಿ, ಎಂಟು ಹತ್ತು ತುಣುಕು ಸಾಕು. ಅದರಲ್ಲಿ ಮೂರ್ನಾಲ್ಕಾದರೂ ಅವನು ಸರಿಯಾಗಿ ಮಾಡಿದ್ದು ಇರಬೇಕು. ಹೊಗಳಿಕೆಗಾಗಿ ಅಲ್ಲ, ಸರಿಯಾದದ್ದು ಹೇಗೆ ಕಾಣುತ್ತದೆ ಎಂದು ಅವನ ಕಣ್ಣಿಗೆ ಗೊತ್ತಾಗಲಿಕ್ಕೆ. ನಿರ್ಧಾರದ ಕ್ಷಣಕ್ಕೆ ಸರಿಯಾಗಿ ನಿಲ್ಲಿಸಿ, ಮುಂದೇನಾಯಿತು ಎಂದು ತೋರಿಸುವ ಮುಂಚೆ ಅವನಿಂದಲೇ ಹೇಳಿಸಿ. ಎಲ್ಲರೆದುರು ಒಬ್ಬನ ತಪ್ಪನ್ನು ಪದೇ ಪದೇ ಓಡಿಸುವುದು ಬೇಡ. ತಂಡದ ಸಭೆಯಲ್ಲಿ ತಂಡದ ತಪ್ಪು, ಒಬ್ಬೊಬ್ಬರದು ಒಬ್ಬೊಬ್ಬರಿಗೇ.

ಆರು ವಾರಕ್ಕೆ ಎರಡೇ ಗುರಿ ಕೊಡಿ, ಎಣಿಸಲು ಬರುವಂಥವು. 'ನಾಯಕತ್ವ ತೋರಿಸು' ಎಣಿಸಲು ಬರುವುದಿಲ್ಲ. 'ಪಿಕ್ ಅಂಡ್ ರೋಲ್‌ನಲ್ಲಿ ಮೂಲೆಯನ್ನು ನೋಡಿದ್ದು ಹತ್ತರಲ್ಲಿ ಎಷ್ಟು ಸಲ' ಎಣಿಸಲು ಬರುತ್ತದೆ. ನೋಡಿದ್ದಷ್ಟೇ ಎಣಿಸಿ, ಪಾಸ್ ತಲುಪಿತೇ ಎಂಬುದು ಆಮೇಲೆ.

ಪ್ರಶ್ನೆ: ತಮ್ಮನಿಗೆ ಕ್ಲಬ್ಬಿನ ಕೋಚ್ ಒಂದು ಹೇಳುತ್ತಾರೆ, ನಾವು ಇಟ್ಟಿರುವ ಖಾಸಗಿ ತರಬೇತುದಾರ ಇನ್ನೊಂದು. ಯಾರ ಮಾತು ಕೇಳಬೇಕು?

ಸೀಸನ್ ನಡೆಯುತ್ತಿರುವಾಗ ಕ್ಲಬ್ಬಿನದು. ಆಡಿಸುವವರು ಅವರು, ಅಂದಿನ ಓಟ ಜಿಗಿತಗಳ ಲೆಕ್ಕ ಇರುವುದೂ ಅವರ ಬಳಿಯೇ. ತಂಡದ ಎರಡು ಗಂಟೆಯ ಅಭ್ಯಾಸದ ಮೇಲೆ ಸಂಜೆ ಇನ್ನೊಂದು ಗಂಟೆ ಗುಟ್ಟಾಗಿ ಜಿಗಿಸಿದರೆ ಕ್ಲಬ್ಬಿನ ಲೆಕ್ಕವೆಲ್ಲ ಸುಳ್ಳಾಗುತ್ತದೆ, ಪೆಟ್ಟಾದರೆ ಏಕೆಂದು ಯಾರಿಗೂ ತಿಳಿಯುವುದಿಲ್ಲ. ಇಬ್ಬರೂ ಒಮ್ಮೆ ಫೋನಿನಲ್ಲಿ ಮಾತಾಡಲಿ. ಖಾಸಗಿಯವರು ಅದಕ್ಕೆ ಒಪ್ಪದಿದ್ದರೆ ಅವರನ್ನು ಬಿಡಿ.

ಪ್ರಶ್ನೆ: ನನ್ನ ಎತ್ತರ 6 ಅಡಿ 7 ಅಂಗುಲ. ಇಷ್ಟು ದಿನ ರಿಂಗಿನ ಕೆಳಗೇ ಆಡಿದವನು. ಈಗ ಕೋಚ್ ಹೊರಗಿನಿಂದ, ವಿಂಗ್‌ನಲ್ಲಿ (ಅಂಗಣದ ಬದಿಯಲ್ಲಿ) ಆಡಲು ಕಲಿ ಅನ್ನುತ್ತಾರೆ. ಎಲ್ಲಿಂದ ಶುರುಮಾಡಲಿ?

ಕಾಲಿನಿಂದ. ಈ ಎತ್ತರಕ್ಕೆ ವೃತ್ತಿಪರ ಆಟದಲ್ಲಿ ಒಳಗೆ ನಿಮಗಿಂತ ಎತ್ತರದವರು ಸಿಗುತ್ತಾರೆ, ಕೋಚ್ ಹೇಳಿದ್ದು ಸರಿಯಾಗಿಯೇ ಇದೆ. ಒಳಗಿನಿಂದ ಹೊರಗೆ ಬಂದವರು ಮೊದಲ ತಿಂಗಳು ಕಳೆದುಕೊಳ್ಳುವ ಚೆಂಡುಗಳಲ್ಲಿ ಟ್ರಾವೆಲಿಂಗ್ (ನಿಯಮ ಮೀರಿ ಕಾಲು ಸರಿಸುವುದು) ಬಹಳ. ಕಾರಣ ಒಂದೇ: ನಿಂತು ಚೆಂಡು ಹಿಡಿದು ಡ್ರಿಬಲ್ ಶುರುಮಾಡುವಾಗ ಊರಿದ ಕಾಲನ್ನು ಚೆಂಡು ಕೈಬಿಡುವ ಮುಂಚೆಯೇ ಎತ್ತುತ್ತಾರೆ. ಓಡುತ್ತಾ ಹಿಡಿದರೆ ನಿಯಮ ಸಡಿಲ. 2017ರಿಂದ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫೀಬಾದ ನಿಯಮದಲ್ಲೂ ಹಿಡಿಯುವಾಗ ನೆಲದಲ್ಲಿರುವ ಕಾಲು ಲೆಕ್ಕಕ್ಕಿಲ್ಲ, ಆಮೇಲೆ ಎರಡು ಹೆಜ್ಜೆ. ಆದ್ದರಿಂದ ಹೊರಗೆ ನಿಂತು ಕಾಯಬೇಡಿ, ಚೆಂಡಿನತ್ತ ಎರಡು ಹೆಜ್ಜೆ ಬಂದು ಹಿಡಿಯಿರಿ.

ದಿನಕ್ಕೆ 15 ನಿಮಿಷ ಇಷ್ಟು ಮಾಡಿ. ವಿಂಗ್‌ನಲ್ಲಿ ಪಾಸ್ ಹಿಡಿದು, ರಿಂಗಿನತ್ತ ತಿರುಗಿ, ಮೊದಲ ಡ್ರಿಬಲನ್ನು ಮುಂದಿಟ್ಟ ಪಾದದ ಆಚೆಗೆ ಉದ್ದವಾಗಿ ಬಡಿಯಿರಿ. ಅಲ್ಲಿಂದ ಲೇ-ಅಪ್‌ಗೆ (ಓಡಿ ಹೋಗಿ ರಿಂಗಿನ ಬಳಿಯಿಂದ ಹಾಕುವ ಶಾಟ್) ಒಂದು ಡ್ರಿಬಲ್ ಸಾಕು, ಎರಡು ಆದರೂ ಪರವಾಗಿಲ್ಲ, ಮೂರಾದರೆ ಮೊದಲಿಂದ. ಎಡಕ್ಕೆ 20, ಬಲಕ್ಕೆ 20. ಡ್ರಿಬಲ್ ಎತ್ತರ ಮಂಡಿ ದಾಟಬಾರದು. ನಿಮ್ಮ ಎತ್ತರದವರ ಚೆಂಡು ಸೊಂಟಕ್ಕೆ ಬಂದರೆ ಗಿಡ್ಡ ಗಾರ್ಡ್‌ಗಳು ಕೆಳಗಿನಿಂದ ಕಿತ್ತುಕೊಳ್ಳುತ್ತಾರೆ. ಡಿಫೆನ್ಸ್‌ನಲ್ಲಿ ಎದುರಾಳಿಯತ್ತ ಓಡಿ ಬರುವಾಗ ಕೊನೆಯ ಎರಡು ಮೀಟರ್ ಚಿಕ್ಕ ಚಿಕ್ಕ ಹೆಜ್ಜೆ ಇಡಿ, ಒಂದು ಕೈ ಮೇಲೆ. ದೊಡ್ಡ ಹೆಜ್ಜೆಯಲ್ಲಿ ಹಾರಿ ಬಂದರೆ ಅವನು ಪಕ್ಕದಿಂದ ಜಾರುತ್ತಾನೆ. ಮೂಲೆಯ ಥ್ರೀ ಪಾಯಿಂಟನ್ನು ಮೊದಲು ಕಲಿಯಿರಿ, ಫೀಬಾ ಅಂಗಣದಲ್ಲಿ ಅಲ್ಲಿ ಗೆರೆ 6.60 ಮೀಟರ್, ಮಿಕ್ಕ ಕಡೆ 6.75. ರಿಂಗಿನ ಕೆಳಗೆ ಕಲಿತದ್ದನ್ನು ಬಿಡಬೇಡಿ. ಸ್ಕ್ರೀನ್ ಆದಾಗ ಎದುರಾಳಿಗಳು ತಾವು ಕಾಯುವವರನ್ನು ಅದಲುಬದಲು ಮಾಡಿಕೊಂಡು ಗಿಡ್ಡ ಗಾರ್ಡ್ ನಿಮ್ಮ ಪಾಲಿಗೆ ಬಂದಾಗ ಅವನನ್ನು ಬೆನ್ನಿಗೆ ಹಾಕಿಕೊಂಡು ಒಳಗೆ ಹೋಗಿ, ಕೈಯೆತ್ತಿ ಚೆಂಡು ಕೇಳಿ.